ಒಂದು ಮನೆಗೆ ಹತ್ತು ಜನ

ಕಳೆದ ತಿಂಗಳು ಬೆಂಗಳೂರಲ್ಲಿ ಒಂದು ಮನೆ ನೋಡೋಕೆ ಹೋಗಿದ್ದೆ. ಥರ್ಟಿ ಫಾರ್ಟಿ ಸೈಟು, ಹಳೇ ಮನೆ. ಇಷ್ಟವಾಯಿತು. "ಎರಡು ದಿನ ಕೊಡಿ, ಪತ್ರಗಳನ್ನ ವಕೀಲರಿಗೆ ತೋರಿಸ್ತೀನಿ" ಅಂದೆ. ಬ್ರೋಕರ್ ನಕ್ಕರು. "ಸಾರ್, ಟೋಕನ್ ಕೊಡೋರು ಗೇಟಿನ ಹೊರಗೆ ನಿಂತಿದ್ದಾರೆ." ಸಂಜೆಯೊಳಗೆ ಮನೆ ಬೇರೆಯವರ ಪಾಲಾಯಿತು. ಅದೂ ಹೇಳಿದ್ದಕ್ಕಿಂತ ಹೆಚ್ಚಿನ ರೇಟಿಗೆ!

ಮಾರುವವನು ಹೇಳಿದ್ದೇ ಬೆಲೆ, ಕೊಟ್ಟಷ್ಟೇ ಸಮಯ. ಬೆಂಗಳೂರು ಯಾವಾಗಲೂ ಹೀಗೇ ಇತ್ತಾ? ಇರಲಿಲ್ಲ.

1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದರು. ಆಗ ಮೈಸೂರಿನ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಊರಾಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದವು. ಅಗಲವಾದ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ. ಜಾತಿಗೊಂದು ಭಾಗ ಅಂತ ಹಂಚಿದ್ದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಜಾಗ ಅಳೆದು, ರಸ್ತೆ ಹಾಕಿ, ಜನರನ್ನು ಕರೆದದ್ದು ಸರ್ಕಾರ. ಸೈಟು ಜನರಿಗಾಗಿ ಕಾಯುತ್ತಿತ್ತು.

ಮುಂದೆ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 7.8 ಲಕ್ಷ ಮುಟ್ಟಿತು. ಹೆಚ್ಚೂಕಮ್ಮಿ ಎರಡು ಪಟ್ಟು! ಆದರೂ ಒಂದು ಆಸರೆ ಇತ್ತು. ಈ ಕಾರ್ಖಾನೆಗಳು ಕೆಲಸದ ಜೊತೆಗೆ ಕಾಲೋನಿಗಳನ್ನೂ ಕಟ್ಟಿದವು. 1945ರಲ್ಲಿ ನಗರಾಭಿವೃದ್ಧಿಗೆ ಸಿಐಟಿಬಿ ಹುಟ್ಟಿತು, 1948ರಲ್ಲಿ ಜಯನಗರ ಶುರುವಾಯಿತು.

ಲೆಕ್ಕ ತಪ್ಪಿದ್ದು ಆಮೇಲೆ. 1971ರಲ್ಲಿ 16 ಲಕ್ಷ ದಾಟಿದ್ದ ನಗರ 1981ಕ್ಕೆ 29 ಲಕ್ಷ ದಾಟಿತು. 1976ರಲ್ಲಿ ಬಿಡಿಎ ಬಂತು. ಸೈಟು ಕೆಲವು ಸಾವಿರ, ಅರ್ಜಿ ಲಕ್ಷಗಟ್ಟಲೆ. "ಎಷ್ಟನೇ ಸಲ ಅರ್ಜಿ ಹಾಕ್ತಿದ್ದೀರಿ?" ಅನ್ನೋದೇ ಒಂದು ಅರ್ಹತೆಯಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಅದರ ಹಿಂದೆ ಸಾಫ್ಟ್‌ವೇರ್ ಕಂಪನಿಗಳ ಸಾಲು. ಇವು ಸಂಬಳ ಕೊಟ್ಟವು, ಕಾಲೋನಿ ಕಟ್ಟಲಿಲ್ಲ. ಬ್ಯಾಂಕುಗಳು ಸಾಲ ಕೊಟ್ಟವು. ನಾನು ಓದಿದ್ದು ಎಂಜಿನಿಯರಿಂಗ್. ನನಗೆ ಇದು ಕಾಣೋದು ಹೀಗೆ: ಟ್ಯಾಂಕಿಗೆ ನೀರು ತರೋ ಪೈಪು ಅಷ್ಟೇ ಇದೆ, ನಲ್ಲಿಗಳು ಮಾತ್ರ ನೂರು ಪಟ್ಟಾಗಿವೆ.

ಸರದಿಯಲ್ಲಿ ಕಾಯಲಾರದವರು ಏನು ಮಾಡಿದರು? ರೆವಿನ್ಯೂ ಸೈಟು ಕೊಂಡರು. ಭೂಪರಿವರ್ತನೆ ಆಗದ ಹೊಲ, ನೋಂದಾಯಿತ ಕ್ರಯಪತ್ರದ ಬದಲು ಜಿಪಿಎ. ಮಾಲೀಕರಾದೆವು ಅಂದುಕೊಂಡರು. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗೋದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ಅಷ್ಟರಲ್ಲಿ ಆ ಸೈಟುಗಳ ಮೇಲೆ ಮನೆಗಳೆದ್ದಿದ್ದವು, ಮಕ್ಕಳು ದೊಡ್ಡವರಾಗಿದ್ದರು.

ಇವರೆಲ್ಲ ದುರಾಸೆಯವರಾ? ಅಲ್ಲವೇ ಅಲ್ಲ. ಬಾಡಿಗೆ ಕಟ್ಟಿ ಸುಸ್ತಾದವರು. ಅವರ ಅವಸರವನ್ನು ಹುಟ್ಟುಹಾಕಿದ್ದು ವ್ಯವಸ್ಥೆ. ನಗರ ಬೆಳೆಯುವ ಮುಂಚೆ ಬಡಾವಣೆ ಮಾಡೋದನ್ನ ಮರೆತು, ಬೆಳೆದ ಮೇಲೆ ದಂಡ ಹಾಕಿ ಸಕ್ರಮ ಮಾಡೋ ಮಾತಾಡುತ್ತದಲ್ಲ, ಆ ವ್ಯವಸ್ಥೆ!

ಹಾಗಾಗಿ ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ಟೋಕನ್ ಕೊಟ್ಟ ಮಾತ್ರಕ್ಕೆ ಮನೆ ನಿಮ್ಮದಲ್ಲ. ಕ್ರಯದ ಕರಾರು ಕೂಡ ಒಡೆತನ ಕೊಡೋದಿಲ್ಲ. ಮೂಲಪತ್ರ, ಇಸಿ, ಖಾತಾ ನೋಡೋಕೆ ಎರಡು ದಿನ ಕೊಡದ ಮನೆ ಕೈತಪ್ಪಿದರೆ ಹೋಗಲಿ ಬಿಡಿ. ಹೇಳೋದು ಸುಲಭ, ಗೊತ್ತು. ಆ ಮನೆ ಕೈತಪ್ಪಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಈ ಭಾನುವಾರ ಇನ್ನೊಂದು ಮನೆ ನೋಡೋಕೆ ಹೊರಟಿದ್ದೀನಿ. ಈ ಸಲವೂ ಮೊದಲು ಕೇಳೋದು ಮೂಲಪತ್ರವನ್ನೇ.