ಕೂರೋ ಜಾಗದ ಬೆಲೆ

ಚಾಮರಾಜಪುರಂನ ಯಾವ ಹೋಟೆಲಿಗೆ ಹೋದರೂ ಬೈ-ಟು ಕಾಫಿ ಕುಡಿಯೋಕೆ ಐದು ನಿಮಿಷ ಸಾಕು. ಲೋಟ ಖಾಲಿಯಾದ ಮೇಲೂ ಕೂತಿದ್ರೆ ಟೇಬಲ್ ಒರೆಸೋರು ಬಂದು ನಿಲ್ತಾರೆ. ತಪ್ಪೇನಿಲ್ಲ, ಆ ಬೆಲೆಗೆ ಸಿಗೋದು ಕಾಫಿ ಮಾತ್ರ. ಕೂರೋ ಜಾಗವನ್ನೂ ಮಾರಬಹುದು ಅಂತ ನಮ್ಮ ತಲೆಮಾರಿಗೆ ತೋರಿಸಿದ್ದು ಕೆಫೆ ಕಾಫಿ ಡೇ.

ಅದರ ಕಥೆ ತೋಟದಿಂದಲೇ ಶುರುವಾಗಬೇಕು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಬೋರ್ಡ್ ಅದನ್ನು ಹರಾಜು ಹಾಕಿ ಕಂತುಕಂತಾಗಿ ದುಡ್ಡು ಕೊಡ್ತಿತ್ತು. ತೊಂಬತ್ತರ ದಶಕದ ಉದಾರೀಕರಣದಲ್ಲಿ ಈ ಹಿಡಿತ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಹೋಯ್ತು. ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥ ಮೊದಲು ಕಾಫಿ ಬೀಜದ ರಫ್ತಿಗೆ ಇಳಿದರು. ಅದೇ 1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದರು.

ಆಗ ಅದು ಸೈಬರ್ ಕೆಫೆ. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿ ವರ್ಷವೂ ತುಂಬಿರಲಿಲ್ಲ. ಮುಂದೆ ನೆಟ್ ಮನೆಮನೆಗೆ ಬಂದ ಮೇಲೂ ಜನ ಕೆಫೆಗೆ ಬರೋದು ನಿಲ್ಲಿಸಲಿಲ್ಲ. ಇಂಟರ್‌ವ್ಯೂ ಮುಗಿಸಿದವರು, ಸ್ಟಾರ್ಟಪ್ ಕನಸಿನವರು, ಮದುವೆಗೆ ಮುಂಚೆ ಒಂದ್ಸಲ ಮಾತಾಡೋಣ ಅಂತ ಬಂದ ಹುಡುಗ-ಹುಡುಗಿ. ಹಳ್ಳಿ ಬಿಟ್ಟು ಪಿಜಿ ರೂಮು ಸೇರಿದ ನಮ್ಮಂಥವರಿಗೆ ಇದೇ ಅರಳಿಕಟ್ಟೆ. ಒಂದೇ ವ್ಯತ್ಯಾಸ, ಊರಿನ ಕಟ್ಟೆಗೆ ಬಾಡಿಗೆ ಇಲ್ಲ.

ಗಂಟು ಇರೋದು ಇಲ್ಲೇ. ಫ್ರಾಂಚೈಸಿ ಕೊಟ್ಟಿದ್ರೆ ಅಂಗಡಿಯ ಬಾಡಿಗೆ, ಕುರ್ಚಿ-ಮೇಜಿನ ಬಂಡವಾಳ ಬೇರೆಯವರ ತಲೆ ಮೇಲೆ ಇರ್ತಿತ್ತು. ಕಾಫಿ ಡೇ ತನ್ನ ಕೆಫೆಗಳನ್ನು ತಾನೇ ನಡೆಸಿತು. ತೋಟದಿಂದ ಕಪ್ಪಿನವರೆಗೆ ಹಿಡಿತ ತನ್ನದೇ, ಖರ್ಚೂ ತನ್ನದೇ. ಕೆಫೆಗಳು 1,700 ದಾಟಿದವು. 2015ರಲ್ಲಿ ಕಂಪನಿ ಷೇರು ಮಾರುಕಟ್ಟೆಗೂ ಬಂತು. ಸಾಲಕ್ಕೆಲ್ಲ ಕೆಫೆಗಳೇ ಕಾರಣ ಅನ್ನೋಕಾಗಲ್ಲ. ಟೆಕ್ ಪಾರ್ಕು, ಲಾಜಿಸ್ಟಿಕ್ಸ್ ಅಂತ ಸಮೂಹ ಎಲ್ಲೆಲ್ಲೋ ಹರಡಿತ್ತು. 2019ರ ಮಾರ್ಚ್ ಹೊತ್ತಿಗೆ ಸಮೂಹದ ಸಾಲ 7,000 ಕೋಟಿ ರೂಪಾಯಿ ಮೀರಿತ್ತು. ಜುಲೈ 29ರಂದು ಸಿದ್ಧಾರ್ಥ ಮಂಗಳೂರಿನ ನೇತ್ರಾವತಿ ಸೇತುವೆ ಬಳಿ ಕಾಣೆಯಾದರು. 31ರಂದು ಶವ ಸಿಕ್ಕಿತು.

2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದರು. ಬೆಂಗಳೂರಿನ ಟೆಕ್ ಪಾರ್ಕೂ ಸೇರಿದಂತೆ ಆಸ್ತಿ ಮಾರಿದ್ದರಿಂದ 2021ರ ಹೊತ್ತಿಗೆ ಸಾಲ 2,000 ಕೋಟಿಗಿಂತ ಕೆಳಗಿಳಿಯಿತು. ಕೆಫೆಗಳೂ 600ಕ್ಕಿಂತ ಕಡಿಮೆಯಾದವು.

ಒಂದು ಕಪ್ಪಿಗೆ ಇಷ್ಟೊಂದಾ ಅಂತ ಗೊಣಗದವರು ನಮ್ಮಲ್ಲಿ ಕಮ್ಮಿ. ಆದರೆ ಎರಡು ಗಂಟೆ ಕೂತಿದ್ದನ್ನು ಬಿಲ್ಲಲ್ಲಿ ಬೇರೆಯಾಗಿ ಬರೆದಿರಲಿಲ್ಲ. ಅದರ ಬಾಡಿಗೆಯನ್ನು ಯಾರೋ ಒಬ್ಬರು ಪ್ರತಿ ತಿಂಗಳು ಕಟ್ಟಲೇಬೇಕಿತ್ತು.