ಗೋಲ್ಡ್‌ಫಿಶ್ ತೊಟ್ಟಿ: ತಂದೆ ಮಗನ ಎರಡು ಶೋಧಗಳು

ಚೀನಾದಲ್ಲಿ ಗೋಲ್ಡ್‌ಫಿಶ್ ಸಾಕಣೆಗೆ ಸುಮಾರು ಸಾವಿರ ವರ್ಷಗಳ ಇತಿಹಾಸವಿದೆ. ಅಲ್ಲಿ ಅವು ಬೆಳೆದದ್ದು ಕೊಳಗಳಲ್ಲಿ, ಅಗಲವಾದ ತೊಟ್ಟಿಗಳಲ್ಲಿ. ಚಿಕ್ಕ ಗಾಜಿನ ಬಟ್ಟಲಿನಲ್ಲಿ ನೀರು ಬೇಗ ಕೆಡುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ನಾವು ನೆಲೆಸಿರುವ ಇಂಗ್ಲೆಂಡಿನ ತಂದೆ ಮಗ ಇಬ್ಬರ ಸಂಶೋಧನೆಗಳನ್ನು ಒಟ್ಟಿಗೆ ಓದಬೇಕೆಂದು ನನ್ನ ಅಭಿಪ್ರಾಯ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1849ರಲ್ಲಿ ಸುಮಾರು 12 ಗ್ಯಾಲನ್ ನೀರಿನಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟರು. ಎಲೆ ಕೊಳೆತು ನೀರು ಕದಡಿದಾಗ ಕೊಳದ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅದೇ ಹೆಸರಿನ ಮಗ ಮುಂದೆ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಅಭ್ಯಸಿಸಿದರು. ಅಮೋನಿಯಾ ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗುವುದು ಸೂಕ್ಷ್ಮಜೀವಿಗಳ ಎರಡು ಹಂತದ ಕೆಲಸವೆಂದು ತೋರಿಸಿದರು. ಮೀನಿನ ತೊಟ್ಟಿಯಲ್ಲೂ ನಡೆಯುವುದು ಇದೇ. ಮೀನಿನ ವಿಸರ್ಜನೆ, ತಿನ್ನದೆ ಉಳಿದ ಆಹಾರ ಎರಡರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೆಳೆಯಲು ಕೆಲವು ವಾರ ಬೇಕು.

ಆದ್ದರಿಂದ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕಬೇಕು. ನೀರನ್ನು ಪೂರ್ತಿ ಚೆಲ್ಲದೆ, ವಾರಕ್ಕೊಮ್ಮೆ ಸ್ವಲ್ಪ ಭಾಗ ಬದಲಿಸಿ, ಹೊಸ ನಲ್ಲಿನೀರಿನ ಕ್ಲೋರಿನ್ ತೆಗೆದು ತುಂಬಬೇಕು. ಸ್ಪಂಜನ್ನು ಹೊರತೆಗೆದ ತೊಟ್ಟಿಯ ನೀರಿನಲ್ಲೇ ಅದ್ದಿ ಹಿಂಡಬೇಕು. ಮಕ್ಕಳು ಪ್ರೀತಿಯಿಂದ ಮತ್ತೆ ಮತ್ತೆ ಹಾಕುವ ಹಿಡಿ ಆಹಾರವೇ ಅನೇಕ ಮೀನುಗಳ ಪ್ರಾಣ ತೆಗೆಯುತ್ತದೆ. ಸರಿಯಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು.