ಸಂಸ್ಕಾರಕದ ವೇಗಕಡಿತ

ಸಂಸ್ಕಾರಕದ ವೇಗಕಡಿತ ಅಥವಾ ಥ್ರಾಟ್ಲಿಂಗ್ ಎಂದರೆ ಗಣಕಯಂತ್ರದ ಸಂಸ್ಕಾರಕವು (ಪ್ರೊಸೆಸರ್) ಅತಿಯಾದ ಶಾಖ ಅಥವಾ ವಿದ್ಯುತ್ ಬಳಕೆಯಿಂದ ತನ್ನನ್ನು ರಕ್ಷಿಸಿಕೊಳ್ಳಲು ತನ್ನ ಆವರ್ತನವನ್ನು ತಾನೇ ತಗ್ಗಿಸಿಕೊಳ್ಳುವ ಕ್ರಿಯೆ. ಡೆಸ್ಕ್‌ಟಾಪ್ ಗಣಕಯಂತ್ರವು ಕೆಲಸದ ನಡುವೆ ಇದ್ದಕ್ಕಿದ್ದಂತೆ ನಿಧಾನವಾಗಲು ಇದೂ ಒಂದು ಕಾರಣ. ಇದು ಸಂಸ್ಕಾರಕ ಕೆಟ್ಟಿರುವುದರ ಲಕ್ಷಣವಲ್ಲ. ದೋಷವು ಸಾಮಾನ್ಯವಾಗಿ ತಂಪುಗೊಳಿಸುವ ವ್ಯವಸ್ಥೆ, ವಿದ್ಯುತ್ ಪೂರೈಕೆ ಅಥವಾ ತಂತ್ರಾಂಶದ ಸೆಟ್ಟಿಂಗ್‌ನಲ್ಲಿರುತ್ತದೆ.

ಕಾರ್ಯವಿಧಾನ

ಸಂಸ್ಕಾರಕವು ಲೆಕ್ಕಾಚಾರಕ್ಕೆ ಬಳಸುವ ವಿದ್ಯುತ್ತು ಸ್ಥೂಲವಾಗಿ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಹೀಗೆ ಬಳಸಿದ ವಿದ್ಯುತ್ತು ಕೊನೆಗೆ ಶಾಖವಾಗುತ್ತದೆ. ಆದುದರಿಂದ ಇವೆರಡನ್ನೂ ತುಸು ಇಳಿಸಿದರೂ ಶಾಖವು ಗಣನೀಯವಾಗಿ ತಗ್ಗುತ್ತದೆ. ಚಿಪ್ಪಿನೊಳಗಿನ ಸಂವೇದಕಗಳು ಉಷ್ಣಾಂಶವನ್ನು ಸತತವಾಗಿ ಅಳೆಯುತ್ತವೆ. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಸಂಸ್ಕಾರಕಗಳಲ್ಲಿ ಗರಿಷ್ಠ ಮಿತಿ 100° ಸೆಲ್ಸಿಯಸ್. ಎಎಮ್‌ಡಿಯ ರೈಜೆನ್ 7000 ಶ್ರೇಣಿಯ ಅನೇಕ ಮಾದರಿಗಳಲ್ಲಿ 95°. ವೇಗ ಇಳಿಸಿದ ಬಳಿಕವೂ ಬಿಸಿ ಏರುತ್ತಲೇ ಹೋದರೆ ಯಂತ್ರವು ತಾನಾಗಿ ಆರಿಹೋಗುತ್ತದೆ.

ಇತಿಹಾಸ

2000ದ ನವೆಂಬರಿನಲ್ಲಿ ಬಿಡುಗಡೆಯಾದ ಇಂಟೆಲ್ ಪೆಂಟಿಯಮ್ 4ರಲ್ಲಿ ಈ ರಕ್ಷಣೆ ಅಳವಟ್ಟಿತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣವು ಚಾಲನೆಯಲ್ಲಿದ್ದ ಯಂತ್ರಗಳ ಹೀಟ್ ಸಿಂಕ್ ತೆಗೆದು ಪರೀಕ್ಷಿಸಿದಾಗ ಪೆಂಟಿಯಮ್ 4 ವೇಗ ತಗ್ಗಿಸಿಕೊಂಡು ಕೆಲಸ ಮುಂದುವರಿಸಿತು. ಅಂತಹ ರಕ್ಷಣೆಯಿಲ್ಲದ ಎಎಮ್‌ಡಿ ಅಥ್ಲಾನ್ ಸುಟ್ಟುಹೋಯಿತು.

ಕಾರಣಗಳು

* ಶಾಖ: ಹೀಟ್ ಸಿಂಕ್‌ನಲ್ಲಿ ಧೂಳು, ನಿಂತ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್, ಸಡಿಲವಾದ ಹೀಟ್ ಸಿಂಕ್, ಗಾಳಿಯಾಡದ ಜಾಗ.
* ವಿದ್ಯುತ್ ಮಿತಿ: ಸಂಸ್ಕಾರಕಕ್ಕೆ ನಿಗದಿಯಾದ ವ್ಯಾಟ್ ಮಿತಿ ಮುಟ್ಟುವುದು.
* ಹೊರಗಿನ ಸಂಕೇತ: ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕ ಬಿಸಿಯಾದಾಗ 'ಪ್ರೊಕ್‌ಹಾಟ್' ಎಂಬ ಸಂಕೇತವು ಸಂಸ್ಕಾರಕವನ್ನು ನಿಧಾನಗೊಳಿಸಬಹುದು.
* ಸೆಟ್ಟಿಂಗ್: ಕಾರ್ಯಾಚರಣಾ ವ್ಯವಸ್ಥೆಯ ಪವರ್ ಪ್ಲಾನ್‌ನಲ್ಲಿ ಸಂಸ್ಕಾರಕದ ಗರಿಷ್ಠ ಸ್ಥಿತಿಯನ್ನು 100%ಕ್ಕಿಂತ ಕಡಿಮೆ ಇಟ್ಟಿರುವುದು.

ಪತ್ತೆ ಹಚ್ಚುವ ಕ್ರಮ

ಮೊದಲು ವೇಗವನ್ನು ನೋಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಂಸ್ಕಾರಕದ ಬಳಕೆ, ಮೂಲ ವೇಗ ಮತ್ತು ಆ ಕ್ಷಣದ ವೇಗವನ್ನು ತೋರಿಸುತ್ತದೆ. ಕೆಲಸವಿಲ್ಲದಾಗ ವೇಗ ಇಳಿಯುವುದು ಸಹಜ. ಅದು ವಿದ್ಯುತ್ ಉಳಿತಾಯದ ಕ್ರಮ. ಉದಾಹರಣೆಗೆ, ಇಂಟೆಲ್ ಕೋರ್ ಐ7-8700ರ ಮೂಲ ವೇಗ 3.2 ಗಿಗಾಹರ್ಟ್ಸ್, ಗರಿಷ್ಠ ವೇಗ 4.6 ಗಿಗಾಹರ್ಟ್ಸ್. ದೀರ್ಘ ಕೆಲಸದಲ್ಲಿ ಅದು 3.6ಕ್ಕೆ ಇಳಿದರೆ ದೋಷವಲ್ಲ. ಪೂರ್ಣ ಹೊರೆಯಲ್ಲಿಯೂ 0.8ರಲ್ಲೇ ನಿಂತಿದ್ದರೆ ದೋಷವಿದೆ. ಬಳಕೆಯೇ ಕಡಿಮೆಯಿದ್ದು ಯಂತ್ರ ನಿಧಾನವಾಗಿದ್ದರೆ ಸ್ಮೃತಿ ಅಥವಾ ಡಿಸ್ಕ್ ಅನ್ನು ಪರಿಶೀಲಿಸಬೇಕು.

ಎರಡನೆಯದಾಗಿ, ಹೊರೆ ಇರುವಾಗಲೇ ಉಷ್ಣಾಂಶವನ್ನು ಅಳೆಯಬೇಕು. ವಿಂಡೋಸ್‌ನಲ್ಲಿ ಕೋರ್ ಟೆಂಪ್, ಲಿನಕ್ಸ್‌ನಲ್ಲಿ ಎಲ್‌ಎಮ್-ಸೆನ್ಸರ್ಸ್ ಇದಕ್ಕೆ ನೆರವಾಗುತ್ತವೆ. ಉಷ್ಣಾಂಶವು ಮಿತಿಯ ಸಮೀಪದಲ್ಲಿದ್ದರೆ ಕಾರಣ ಶಾಖ. ಸಂಸ್ಕಾರಕ ತಂಪಾಗಿದ್ದೂ ವೇಗ ಇಳಿದಿದ್ದರೆ ಉಳಿದ ಮೂರು ಕಾರಣಗಳನ್ನು ಪರಿಶೀಲಿಸಬೇಕು.

ಪರಿಹಾರ

ಪವರ್ ಪ್ಲಾನ್ ಸರಿಪಡಿಸುವುದು ಖರ್ಚಿಲ್ಲದ ಮೊದಲ ಹೆಜ್ಜೆ. ಶಾಖವೇ ಕಾರಣವಾದರೆ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ತೆಗೆದು ಧೂಳನ್ನು ಶುಚಿಗೊಳಿಸಬೇಕು; ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿಯುವುದು ಒಳಿತು. ಹೀಟ್ ಸಿಂಕ್ ಕಳಚಿದಲ್ಲಿ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ನಾಲ್ಕೂ ಮೂಲೆಗಳು ಸಮನಾಗಿ ಬಿಗಿಯಾಗಿರಬೇಕು. ಬಳಿಕ ಅದೇ ಹೊರೆಯಲ್ಲಿ ಮತ್ತೆ ಅಳೆದರೆ ಮಾತ್ರ ದುರಸ್ತಿಯ ಫಲ ತಿಳಿಯುತ್ತದೆ.

ಎಚ್ಚರಿಕೆ

ಥ್ರಾಟಲ್‌ಸ್ಟಾಪ್‌ನಂತಹ ತಂತ್ರಾಂಶಗಳು ಹೊರಗಿನ ಸಂಕೇತವನ್ನು ಸಂಸ್ಕಾರಕ ಕಡೆಗಣಿಸುವಂತೆ ಮಾಡಬಲ್ಲವು. ಇದರಿಂದ ವೇಗ ಮರಳಬಹುದಾದರೂ ಮೂಲ ದೋಷ ಉಳಿಯುತ್ತದೆ. ಸಂಕೇತವು ನಿಜವಾದ ಬಿಸಿಯಿಂದ ಬಂದಿದ್ದರೆ ಮದರ್‌ಬೋರ್ಡಿಗೆ ಹಾನಿಯಾದೀತು. ಕಾರಣ ತಿಳಿಯದೆ ಹೊಸ ಸಂಸ್ಕಾರಕ ಕೊಳ್ಳುವುದೂ ನಿರರ್ಥಕ. ಅದೇ ಧೂಳು, ಅದೇ ಫ್ಯಾನ್ ಇದ್ದಲ್ಲಿ ಅದೂ ನಿಧಾನವಾಗುತ್ತದೆ.